ಬೀದಿನಾಟಕ (ಕರ್ನಾಟಕ, ಹಾಸನ ಸೀಮೆ)

ರಂಗಮಂದಿರ, ಪರದೆ, ಟಿಕೆಟ್ಟುಗಳ ಹಂಗಿಲ್ಲದೆ ಜನರ ನಡುವೆಯೇ ಆಡಿ, ನೋಡುಗರನ್ನು ಸಾಮಾಜಿಕ ಬದಲಾವಣೆಗೆ ಅಣಿಗೊಳಿಸುವ ನಾಟಕ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆ ಇಂದು ಸರ್ಕಾರಿ ಯೋಜನೆಗಳನ್ನು ಸಾರುವ ಕಲಾತಂಡಗಳ ಪ್ರದರ್ಶನಕ್ಕೂ ಇದೇ ಹೆಸರು. ಎರಡನ್ನೂ ಒಂದೇ ಪರಂಪರೆಯೆಂದು ತಿಳಿಯುವುದು ಸರಿಯಲ್ಲ.

ಈ ಸೀಮೆಯ ಹಳ್ಳಿಗಳಿಗೆ ನಾಟಕದೊಂದಿಗೆ ಹಳೆಯ ನಂಟು. ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡಬೇಕೆಂದರೆ ಹಾರ್ಮೋನಿಯಂ ಮೇಷ್ಟ್ರು ಬರಬೇಕು, ತಿಂಗಳುಗಟ್ಟಲೆ ತಾಲೀಮು ನಡೆಯಬೇಕು, ಸೀನರಿ ಬಾಡಿಗೆಗೆ ತರಬೇಕು. ಪಾತ್ರಕ್ಕಿಷ್ಟೆಂದು ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಹಾಗಾಗಿ ದುರ್ಯೋಧನನ ಕಿರೀಟ ಕೈಯಲ್ಲಿ ಕಾಸಿದ್ದವರ ತಲೆಗೇ ಏರುತ್ತಿತ್ತು.

1975ರಲ್ಲಿ ರಂಗನಿರ್ದೇಶಕ ಪ್ರಸನ್ನ ಮತ್ತು ಗೆಳೆಯರು ಕಟ್ಟಿದ ‘ಸಮುದಾಯ’ ತಂಡವು ನಾಟಕವನ್ನು ಈ ಖರ್ಚಿನಿಂದ ಬಿಡಿಸಿತು. ಬೀದಿನಾಟಕವೆಂದರೆ ದೆಹಲಿಯ ರಂಗಕರ್ಮಿ ಸಫ್ದರ್ ಹಾಶ್ಮಿಯಿಂದ ಬಂದದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಶ್ಮಿ ಹಲ್ಲೆಗೊಳಗಾಗಿ ತೀರಿಕೊಂಡದ್ದು 1989ರ ಜನವರಿಯಲ್ಲಿ. ಅದಕ್ಕೆ ಒಂದು ದಶಕ ಮೊದಲೇ, 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಸ್ಪರ್ಧಿಸಿದ ಚಿಕ್ಕಮಗಳೂರು ಉಪಚುನಾವಣೆಯ ಹೊತ್ತಿಗೆ, ಸಮುದಾಯದ ಕಲಾವಿದರು ಹಾಸನಕ್ಕೆ ತಾಗಿದ ಆ ಜಿಲ್ಲೆಯ ಬೀದಿಗಳಲ್ಲಿ ತುರ್ತುಪರಿಸ್ಥಿತಿಯ ನೆನಪು ಕೆದಕಿ ಆಡಿದ್ದರು. ಇಂದಿರಾ ಗೆದ್ದರು. ಆದರೆ ನಾಟಕ ಬೀದಿಗಿಳಿದಾಗಿತ್ತು.

ಆ ಕಾಲದ ಮುಖ್ಯ ಕೃತಿ ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ‘ಬೆಲ್ಚಿ’. 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಎಂಟು ಮಂದಿ ದಲಿತರು. ‘ಶೋಷಣೆ’, ‘ಅನ್ಯಾಯ’ ಎಂಬ ದೊಡ್ಡ ಪದಗಳನ್ನು ಬದಿಗಿಟ್ಟು, ಕೊಲೆ ನಡೆದ ಊರಿನ ಹೆಸರನ್ನೇ ನಾಟಕಕ್ಕಿಟ್ಟದ್ದು ಅದರ ಶಕ್ತಿ. ಸುತ್ತ ನಿಂತ ಜನ ತಮ್ಮೂರನ್ನೂ ಅದರೊಳಗೆ ಕಂಡುಕೊಳ್ಳಬಹುದಿತ್ತು.

1990ರ ಅಕ್ಟೋಬರ್ 2ರಂದು ಹೊರಟ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು, ನಾಟಕಗಳನ್ನು ಅಕ್ಷರದ ಕೆಲಸಕ್ಕೆ ತೊಡಗಿಸಿತು. ಮುಂದೆ ವಾರ್ತಾ ಇಲಾಖೆ, ಆರೋಗ್ಯ ಇಲಾಖೆಗಳೂ ಕಲಾಜಾಥಾ ನಡೆಸತೊಡಗಿದವು. ಶೌಚಾಲಯ, ಲಸಿಕೆ, ಮತದಾನದ ತಿಳಿವಳಿಕೆ ಬೇಕಾದದ್ದೇ. ಅಸ್ಪೃಶ್ಯತೆ ಅಪರಾಧವೆಂದು ಈ ತಂಡಗಳೂ ಹೇಳುತ್ತವೆ, ಆದರೆ ಅದು ನಡೆದ ಊರಿನ ಹೆಸರು ಹೇಳುವುದಿಲ್ಲ.

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಒಳಗೆ ಹೋದರೆಂದು ದಂಡ ಹಾಕಲಾಯಿತು. ಅಂಥ ಊರಿನ ಹೆಸರನ್ನು ಅದೇ ಸೀಮೆಯ ಸಂತೆಬೀದಿಯಲ್ಲಿ ನಿಂತು ಹೇಳುವ ನಾಟಕವೇ ‘ಬೆಲ್ಚಿ’ಯ ವಾರಸುದಾರ.