ರೋಮಿನ ರಥಪಂದ್ಯಗಳೂ ಉದಾಸೀನರೂ

ಪುರಾತನ ರೋಮ್ ನಗರದಲ್ಲಿ ಪಾಲಟೈನ್, ಅವೆಂಟೈನ್ ಎಂಬೆರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಸರ್ಕಸ್ ಮ್ಯಾಕ್ಸಿಮಸ್ ಎಂಬ ರಥಾಂಗಣವಿದ್ದಿತು. ಒಂದೂವರೆ ಲಕ್ಷ ಜನರಿಗೆ ಅಲ್ಲಿ ಸ್ಥಳವಿದ್ದಿತೆಂದು ಡಯೊನೀಸಿಯಸನೆಂಬ ಗ್ರಂಥಕಾರನು ಬರೆದಿರುವನು. ಹನ್ನೆರಡು ದ್ವಾರಗಳಿಂದ ಹೊರಟ ರಥಗಳು ಅಂಗಣವನ್ನು ಏಳು ಸಲ ಸುತ್ತುತ್ತಿದ್ದವು. ಸಾರಥಿಗಳು ಬಿಳಿ, ಕೆಂಪು, ಹಸಿರು, ನೀಲಿ ಎಂಬ ನಾಲ್ಕು ಬಣ್ಣಗಳ ಪಕ್ಷಗಳಿಗೆ ಸೇರಿದವರು. ಪಂದ್ಯದ ದಿನ ಊರಿಗೆ ಊರೇ ಅಲ್ಲಿ ನೆರೆಯುತ್ತಿದ್ದಿತು. ಈ ಕೋಲಾಹಲದಲ್ಲಿ ಮನಸ್ಸಿಡದೆ ಉಳಿದವರೂ ಕೆಲವರಿದ್ದರು. ಅವರ ವೃತ್ತಾಂತವು ವಿಚಾರಾರ್ಹವಾದುದು.

ಅವರಲ್ಲಿ ಮೊದಲು ಸ್ಮರಿಸತಕ್ಕವನು ಕಿರಿಯ ಪ್ಲಿನಿ. ಕ್ರಿ. ಶ. ಒಂದನೆಯ ಶತಮಾನದ ಉತ್ತರಾರ್ಧದಲ್ಲಿ ಜನಿಸಿದ ಈತನು ನ್ಯಾಯವಾದಿಯೂ ಸೆನೆಟ್ ಸಭಾಸದನೂ ಆಗಿದ್ದನು. ರಥಪಂದ್ಯಗಳು ನಡೆಯುತ್ತಿದ್ದ ದಿನಗಳನ್ನು ಓದುಬರಹದಲ್ಲಿ ಸುಖವಾಗಿ ಕಳೆದೆನೆಂದು ಆತನು ಮಿತ್ರನಾದ ಕಾಲ್ವಿಸಿಯಸನಿಗೆ ಪತ್ರ ಬರೆದನು. ಒಮ್ಮೆ ನೋಡಿದರೆ ಸಾಕಾದ ಆಟದಲ್ಲಿ ಹೊಸತೇನೂ ಇಲ್ಲವೆಂಬುದು ಆತನ ಒಂದು ಆಕ್ಷೇಪಣೆ. ಇನ್ನೊಂದು ಆಕ್ಷೇಪಣೆ ಸೂಕ್ಷ್ಮತರವಾದುದು. ಜನರು ಕುದುರೆಗಳ ವೇಗಕ್ಕಾಗಲಿ ಸಾರಥಿಯ ಕೌಶಲಕ್ಕಾಗಲಿ ಮರುಳಾಗಿದ್ದರೆ ಅರ್ಥವಿರುತ್ತಿದ್ದಿತು. ಅವರು ಮೋಹಿಸುವುದು ಬರಿಯ ಬಟ್ಟೆಯ ಬಣ್ಣವನ್ನು. ಓಟದ ನಡುವೆ ಬಣ್ಣಗಳು ಅದಲುಬದಲಾದರೆ ಅಭಿಮಾನವೂ ಬಣ್ಣದ ಹಿಂದೆಯೇ ಹೋಗುವುದೆಂದು ಆತನ ಅಭಿಪ್ರಾಯ.

ಈ ವಿವೇಚನೆಯು ಯಥಾರ್ಥವೇ ಆದರೂ ಪ್ಲಿನಿಯ ಔದಾಸೀನ್ಯದಲ್ಲಿ ಕಿಂಚಿತ್ ಗರ್ವವೂ ಬೆರೆತಿದ್ದಿತು. ಇತರರನ್ನು ಸೆಳೆಯುವ ಸುಖವು ತನ್ನನ್ನು ಸೆಳೆಯದಿರುವುದೇ ತನಗೊಂದು ಸುಖವೆಂದು ಆತನೇ ಒಪ್ಪಿಕೊಂಡಿರುವನು. ಇದಲ್ಲದೆ, ಮೃತಳಾದ ಪತ್ನಿಯ ಸ್ಮರಣಾರ್ಥವಾಗಿ ವೆರೋನ ನಗರದವರಿಗೆ ಮಲ್ಲರ ಕಾಳಗವನ್ನೇರ್ಪಡಿಸಿದ ಮಿತ್ರನೊಬ್ಬನನ್ನು ಆತನು ಇನ್ನೊಂದು ಪತ್ರದಲ್ಲಿ ಶ್ಲಾಘಿಸಿದನು. ರಕ್ತಪಾತದ ವಿನೋದವನ್ನು ಸಹಿಸಿದವನಿಗೆ ರಥಗಳ ಓಟವು ಬೇಸರವಾದುದಕ್ಕೆ ದಯೆಯು ಕಾರಣವಾಗಿರಲಾರದು. ಆದುದರಿಂದ ಆಟವನ್ನು ನೋಡದಿರುವುದೊಂದೇ ಸದ್ಗುಣವೆಂದು ಎಣಿಸಲಾಗದು.

ರಾಜ್ಯಭಾರ ಹೊತ್ತವರಿಗಾದರೋ ನೋಡದಿರುವುದೂ ಸುಲಭವಾಗಿರಲಿಲ್ಲ. ಜ್ಯೂಲಿಯಸ್ ಸೀಸರನು ಆಟಗಳ ನಡುವೆ ಪತ್ರಗಳನ್ನೂ ಅರ್ಜಿಗಳನ್ನೂ ಓದುತ್ತಿದ್ದು ಜನರ ನಿಂದೆಗೆ ಗುರಿಯಾದನು. ಅದನ್ನರಿತ ಆಗಸ್ಟಸನು ಆಟದ ಹೊತ್ತಿನಲ್ಲಿ ಬೇರೆ ಕೆಲಸ ಮಾಡದೆ ಏಕಾಗ್ರನಾಗಿ ಕುಳಿತಿರುತ್ತಿದ್ದನು. ಆತನಿಗೆ ನಿಜವಾದ ಆಸಕ್ತಿಯೂ ಇದ್ದಿರಬಹುದೆಂದು ಚರಿತ್ರಕಾರ ಸ್ವೆಟೋನಿಯಸನು ಸೂಚಿಸಿರುವನು. ಕ್ರಿ. ಶ. 161 ರಿಂದ 180 ರ ವರೆಗೆ ಆಳಿದ ಮಾರ್ಕಸ್ ಔರೀಲಿಯಸನು ಹಸಿರು ಪಕ್ಷವನ್ನಾಗಲಿ ನೀಲಿ ಪಕ್ಷವನ್ನಾಗಲಿ ಹಿಡಿಯದಂತೆ ತನ್ನನ್ನು ಬೆಳೆಸಿದ ಬಾಲ್ಯದ ಶಿಕ್ಷಕನನ್ನು ಕೃತಜ್ಞತೆಯಿಂದ ನೆನೆದಿರುವನು. ಆತನೂ ಪಂದ್ಯಗಳಲ್ಲಿ ಕುಳಿತು ಕಾಗದಗಳಿಗೆ ಸಹಿ ಮಾಡುತ್ತಿದ್ದನು. ಜನರು ಪರಿಹಾಸ್ಯ ಮಾಡಿದರೆ ಮಾಡಲೆಂದು ಬಿಟ್ಟನು.

ಆ ಶಿಕ್ಷಕನ ಬೋಧೆಯ ಬೆಲೆಯು ಮುಂದೆ ಕಾನ್‌ಸ್ಟಾಂಟಿನೋಪಲಿನಲ್ಲಿ ಪ್ರಕಟವಾಯಿತು. ಅಲ್ಲಿ ನೀಲಿ, ಹಸಿರು ಪಕ್ಷಗಳು ಬಲವತ್ತರವಾದ ಸಂಘಗಳಾಗಿ ಬೆಳೆದು ಬೀದಿಗಲಭೆಗಳಿಗೆ ಕಾರಣವಾಗಿದ್ದವು. ಕ್ರಿ. ಶ. 532 ರ ಜನವರಿಯಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ತಮ್ಮವರನ್ನು ಬಿಡಬೇಕೆಂದು ಎರಡು ಪಕ್ಷಗಳೂ ಒಂದಾಗಿ, ಗೆಲ್ಲು ಎಂಬರ್ಥದ ‘ನಿಕಾ’ ಎಂದು ಕೂಗುತ್ತ ದಂಗೆಯೆದ್ದವು. ಹಾಗಿಯಾ ಸೋಫಿಯಾ ದೇವಾಲಯವು ಭಸ್ಮವಾಯಿತು. ಜಸ್ಟಿನಿಯನ್ ಚಕ್ರವರ್ತಿಯು ಪಲಾಯನಕ್ಕೆ ಸಿದ್ಧನಾಗಿರಲು ರಾಣಿ ಥಿಯೊಡೋರಳು ಅವನಿಗೆ ಧೈರ್ಯ ಹೇಳಿದಳು. ಕಡೆಗೆ ಸೇನಾನಿಗಳಾದ ಬೆಲಿಸೇರಿಯಸನೂ ಮುಂಡಸನೂ ರಥಾಂಗಣವನ್ನೇ ಹೊಕ್ಕು, ಸೇರಿದ್ದವರನ್ನು ಕೊಲ್ಲಿಸಿದರು. ಮಡಿದವರು 30,000 ಕ್ಕೆ ಮೇಲ್ಪಟ್ಟವರೆಂದು ಸಮಕಾಲೀನನಾದ ಪ್ರೊಕೋಪಿಯಸನ ಲೆಕ್ಕ. ಸುಟ್ಟ ದೇವಾಲಯವು ಪುನಃ ನಿರ್ಮಿತವಾಗಿ 537 ರಲ್ಲಿ ಪೂರ್ಣವಾಯಿತು.

ಬಣ್ಣದ ಬಟ್ಟೆಯ ಮೇಲಣ ಮೋಹವೆಂದು ಪ್ಲಿನಿಯು ನಕ್ಕುದು ನಾಲ್ಕು ಶತಮಾನಗಳ ತರುವಾಯ ಒಂದು ರಾಜಧಾನಿಯನ್ನೇ ಸುಟ್ಟಿತು. ಆತನು ಬಾಗಿಲು ಮುಚ್ಚಿಕೊಂಡು ತನ್ನ ಹೊತ್ತನ್ನು ಉಳಿಸಿಕೊಂಡನು. ಮಾರ್ಕಸನು ಜನರ ನಡುವೆಯೇ ಕುಳಿತು, ಅವರ ಸಂತೋಷಕ್ಕೆ ಅಡ್ಡಿಪಡಿಸದೆ, ತನ್ನ ಕರ್ತವ್ಯವನ್ನು ಮಾಡಿದನು. ಉದಾಸೀನರಲ್ಲಿ ಇವನೇ ಶ್ರೇಷ್ಠನೆಂದು ಹೇಳಬೇಕಾಗಿದೆ.