ಎಂಬತ್ತು ಡಾಲರಿನ ಕುದುರೆ

ಮಕ್ಕಳೇ, ನಮ್ಮ ಐಸೆಲಿನ್‌ನ ಮೆಟ್ರೋಪಾರ್ಕ್‌ನಲ್ಲಿ ರೈಲು ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಲ್ಲಿ ಇಳಿದರೆ, ನಿಮ್ಮ ತಲೆಯ ಮೇಲೆಯೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇರುತ್ತದೆ. ಈ ಕಟ್ಟಡ 1968ರದು. ಅದಕ್ಕೂ ಮೊದಲು ಅದೇ ಹೆಸರಿನ ಕ್ರೀಡಾಂಗಣ ಎಂಟನೇ ಅವೆನ್ಯೂವಿನಲ್ಲಿ, ಇನ್ನಷ್ಟು ಉತ್ತರಕ್ಕಿತ್ತು. 1958ರಲ್ಲಿ ಅಲ್ಲಿನ ನ್ಯಾಷನಲ್ ಹಾರ್ಸ್ ಶೋನಲ್ಲಿ, ಬೇಲಿ ಹಾರುವ ಸ್ಪರ್ಧೆಯ ಚಾಂಪಿಯನ್ ಆದದ್ದು ಒಂದು ಕಾಲದಲ್ಲಿ ಹೊಲ ಉಳುತ್ತಿದ್ದ ಕುದುರೆ!

ಇದೇಕೆ ಅಷ್ಟು ದೊಡ್ಡ ಸಂಗತಿ? ಕುದುರೆ ಏರಿ ಬೇಲಿ, ಹಳ್ಳ ಹಾರುವುದು ಬಹುಕಾಲ ಸೈನಿಕರ ಮತ್ತು ಸಿರಿವಂತರ ವಿದ್ಯೆಯಾಗಿತ್ತು. ಸೈನ್ಯಕ್ಕಾಗಿಯೇ ಕುದುರೆ ಸಾಕುವುದು ನಮ್ಮ ಕಡೆಯೂ ಇತ್ತು. ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನ್ ಕುದುರೆಗಳನ್ನು ಬೆಳೆಸಿದ್ದು ತನ್ನ ಅಶ್ವದಳಕ್ಕೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಎದುರಿಗೆ ಮಷಿನ್‌ಗನ್, ಇವರ ಕೈಯಲ್ಲಿ ಈಟಿ.

ಇಂದು ಕಲಿಸುವ ಜಿಗಿತದ ಪಾಠವೂ ಸೈನ್ಯದಿಂದಲೇ ಬಂದದ್ದು. ಹಿಂದೆ ಕುದುರೆ ಹಾರುವಾಗ ಸವಾರರು ಹಿಂದಕ್ಕೆ ಒರಗಿ ಲಗಾಮು ಎಳೆಯುತ್ತಿದ್ದರು. ಪಾಪ, ಅದರ ಬಾಯಿಗೂ ನೋವು, ಬೆನ್ನಿಗೂ ನೋವು. 1900ರ ಆಸುಪಾಸಿನಲ್ಲಿ ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕ್ಯಾಪ್ರಿಲ್ಲಿ ಇದನ್ನು ತಿರುವುಮುರುವು ಮಾಡಿದ. ಕಾಲಿಡುವ ರಿಕಾಪಿನ ಮೇಲೆ ಭಾರ ಹಾಕಿ ಮುಂದಕ್ಕೆ ಬಾಗಬೇಕು, ಲಗಾಮು ಸಡಿಲ ಬಿಡಬೇಕು, ಕುದುರೆ ಕತ್ತು ಚಾಚಿಕೊಳ್ಳಲಿ ಎಂದ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದ ಬೆಂಗಳೂರಿನ ಫವಾದ್ ಮಿರ್ಜಾ ಬೇಲಿ ಹಾರಿಸಿದ್ದೂ ಹೀಗೆಯೇ. ಪುಟ್ಟ ಪೋನಿಯ ಮೇಲೆ ಕುಳಿತು, ನೆಲದಲ್ಲಿಟ್ಟ ಕೋಲುಗಳನ್ನು ದಾಟಿ ದಾಟಿ, ಆಮೇಲೆ ಮೊಣಕಾಲೆತ್ತರದ ಬೇಲಿ ಹಾರಲು ಕಲಿಯುವ ಮಗುವಿಗೂ ಇದೇ ಪಾಠ.

1948ರವರೆಗೂ ಅಮೆರಿಕದ ಒಲಿಂಪಿಕ್ ಸವಾರರು ಸೇನೆಯವರೇ. ಸೇನೆಗೆ ಕುದುರೆ ಬೇಡವಾದಾಗ, 1950ರಲ್ಲಿ ಸಾಮಾನ್ಯ ನಾಗರಿಕರ ತಂಡ ಕಟ್ಟಿದರು. 1961ರಿಂದ ಅದರ ನೆಲೆ ನಮ್ಮ ನ್ಯೂಜೆರ್ಸಿಯ ಗ್ಲ್ಯಾಡ್‌ಸ್ಟೋನ್. ಒಲಿಂಪಿಕ್ ಜಿಗಿತದಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದಂತೂ 1956ರಲ್ಲಿ!

ಅದೇ 1956ರ ಚಳಿಗಾಲ. ನೆದರ್ಲೆಂಡ್ಸ್‌ನಿಂದ ವಲಸೆ ಬಂದಿದ್ದ ಹ್ಯಾರಿ ಡಿ ಲೇಯರ್, ಲಾಂಗ್ ಐಲೆಂಡಿನ ನಾಕ್ಸ್ ಶಾಲೆಯಲ್ಲಿ ಹುಡುಗಿಯರಿಗೆ ಸವಾರಿ ಕಲಿಸುತ್ತಿದ್ದರು. ಶಾಲೆಗೊಂದು ಸಾಧು ಕುದುರೆ ಬೇಕೆಂದು ಪೆನ್ಸಿಲ್ವೇನಿಯಾದ ನ್ಯೂ ಹಾಲೆಂಡ್ ಹರಾಜಿಗೆ ಹೋದರು; ತಲುಪುವಾಗ ತಡವಾಗಿತ್ತು. ಯಾರಿಗೂ ಬೇಡವಾದ ಕುದುರೆಗಳನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸುತ್ತಿದ್ದರು. ಅವುಗಳಲ್ಲಿ ಒಂದು ಬೂದುಬಣ್ಣದ ಕುದುರೆ ಅವರ ಕಣ್ಣಿಗೆ ಬಿತ್ತು. ಬೆಲೆ 80 ಡಾಲರ್. ಮನೆಯ ಮಕ್ಕಳು ಅದಕ್ಕೆ ಸ್ನೋಮ್ಯಾನ್ ಎಂದು ಹೆಸರಿಟ್ಟರು.

ಹೆದರುವ ಮಕ್ಕಳಿಗೆ ಸ್ನೋಮ್ಯಾನ್ ಹೇಳಿ ಮಾಡಿಸಿದ ಮೇಷ್ಟ್ರು. ಆದರೂ ಸಂಸಾರ ನಡೆಯಬೇಕಲ್ಲ? ಡಿ ಲೇಯರ್ ಅದನ್ನು ಹತ್ತಿರದ ಡಾಕ್ಟರೊಬ್ಬರಿಗೆ ಎರಡರಷ್ಟು ಬೆಲೆಗೆ ಮಾರಿದರು. ಅದೋ, ಬೇಲಿ ಹಾರಿ ಮರಳಿ ಇವರ ಅಂಗಳಕ್ಕೇ ಬಂತು. ಅಲ್ಲಿ ಬೇಲಿ ಎತ್ತರಿಸಿದರು, ಮತ್ತೆ ಬಂತು. ಹಗ್ಗದಲ್ಲಿ ಟೈರು ಕಟ್ಟಿದರೆ ಟೈರನ್ನೂ ಎಳೆದುಕೊಂಡೇ ಬಂತು! ನನ್ನನ್ನು ಮಾರಬೇಡಿ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ಡಿ ಲೇಯರ್ ಅದನ್ನು ವಾಪಸು ಕೊಂಡು, ಜಿಗಿತದ ತರಬೇತಿ ಶುರುಮಾಡಿದರು.

ಎರಡೇ ವರ್ಷದಲ್ಲಿ, ದುಬಾರಿ ತಳಿಯ ಕುದುರೆಗಳ ನಡುವೆ ಸ್ನೋಮ್ಯಾನ್ ಗೆದ್ದಿತು. 1959ರಲ್ಲಿ ಮತ್ತೊಮ್ಮೆ ಚಾಂಪಿಯನ್. ಪತ್ರಿಕೆಗಳಲ್ಲಿ ಅದರ ಚಿತ್ರಗಳು ಬಂದವು. ಸ್ಪರ್ಧೆ ಇಲ್ಲದ ದಿನಗಳಲ್ಲಿ ಮಾತ್ರ ಅದೇ ಕುದುರೆ ಡಿ ಲೇಯರ್ ಮಕ್ಕಳನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿದು ಈಜುತ್ತಿತ್ತು. 1974ರಲ್ಲಿ ಸಾಯುವವರೆಗೂ ಅದು ಅವರ ಮನೆಯ ಲಾಯದಲ್ಲೇ ಇತ್ತು.