ನಿಜಾಮರ ನಾಡಿನ ಕತ್ತಲೆ ಕೋಣೆ: ಫಿಲಂ ತೊಳೆಯುವ ವಿದ್ಯೆಯ ಇತಿಹಾಸ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಹಳೆಯ ಮನೆಗಳ ಗೋಡೆಗಳ ಮೇಲೆ ಇಂದಿಗೂ ಹಿರಿಯರ ಕಪ್ಪು-ಬಿಳುಪು ಭಾವಚಿತ್ರಗಳನ್ನು ಕಾಣಬಹುದು. ಕೆಲವು ಐವತ್ತು ವರ್ಷ ಕಳೆದರೂ ಸ್ಪಷ್ಟವಾಗಿವೆ. ಕೆಲವು ಹಳದಿಯಾಗಿ ಮುಖದ ಗುರುತೇ ಸಿಗದಂತಾಗಿವೆ. ಒಳ್ಳೆಯ ಕ್ಯಾಮೆರಾ ಇದ್ದರೆ ಮಾತ್ರ ಸಾಲದು. ರಸಾಯನವನ್ನು ತೂಗಿ ಬೆರೆಸಿದ ಕೈ ಮತ್ತು ತೊಳೆದ ನೀರು ಚಿತ್ರದ ಆಯುಷ್ಯವನ್ನು ನಿರ್ಧರಿಸುತ್ತಿದ್ದವು. ಆ ಮರೆತ ವಿದ್ಯೆಯ ಪರಿಚಯವೇ ಈ ಲೇಖನದ ಉದ್ದೇಶ.

ರೈಲು ಮತ್ತು ರಾಜಾ ದೀನ್ ದಯಾಳ್

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ಆರಂಭವಾಯಿತು. ಚಿತ್ತಾಪುರ, ಸೇಡಂ ಈ ಮಾರ್ಗದಲ್ಲೇ ಇವೆ. ಇದರಿಂದ ನಮ್ಮ ಭಾಗ ಒಂದು ಕಡೆ ಮುಂಬಯಿಗೂ ಇನ್ನೊಂದು ಕಡೆ ಹೈದರಾಬಾದಿಗೂ ಹತ್ತಿರವಾಯಿತು. ಮುಂದೆ ಅದೇ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ (1844-1905) ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ನಿಜಾಮರು ಅವರಿಗೆ 'ರಾಜಾ ಬಹದ್ದೂರ್ ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. 1892ರಲ್ಲಿ ಅವರು ಪರ್ದಾ ಪಾಲಿಸುವ ಮಹಿಳೆಯರಿಗಾಗಿಯೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಅದರ ಹೊಣೆ ಹೊತ್ತವರು ಕೆನ್ನಿ-ಲೆವಿಕ್ ಎಂಬ ಬ್ರಿಟಿಷ್ ಮಹಿಳೆ. ಛಾಯಾಗ್ರಹಣ ಮಹಿಳೆಯರಿಗೂ ಸಾಧ್ಯವಾದ ವೃತ್ತಿಯೆಂಬುದನ್ನು ನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆ ಕಂಡಿತ್ತು.

ದೀನ್ ದಯಾಳರ 2857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡಿತು. ಅಂದಿನ ಕೆಲಸ ಎಷ್ಟು ಶುದ್ಧವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೂತ್ರ ಎಲ್ಲರ ಸೊತ್ತಾಯಿತು

ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುವ ದ್ರಾವಣವೇ ಡೆವಲಪರ್. ಮೊದಲು ಪೈರೋಗಲಾಲ್ ಬಳಕೆಯಲ್ಲಿತ್ತು. 1880ರಲ್ಲಿ ಹೈಡ್ರೊಕ್ವಿನೋನ್, 1891ರಲ್ಲಿ ಮೆಟಾಲ್ ಬಂದವು. 1927ರಲ್ಲಿ ಕೊಡಕ್ ಕಂಪನಿಯ ಡಿ-76 ಬಂತು. ಅದರ ಸೂತ್ರ ಗುಟ್ಟಾಗಿ ಉಳಿಯದೆ ಪುಸ್ತಕಗಳಲ್ಲಿ ಅಚ್ಚಾಯಿತು. ಆದ್ದರಿಂದ ಓದುಬರಹ ಬಲ್ಲ, ತಕ್ಕಡಿ ಇರುವ ಯಾರಾದರೂ ಅದನ್ನು ಮನೆಯಲ್ಲೇ ತಯಾರಿಸಬಹುದಾಯಿತು.

ಒಂದು ಲೀಟರಿಗೆ ಲೆಕ್ಕ ಹೀಗಿದೆ: ಸುಮಾರು 50 ಡಿಗ್ರಿ ಬಿಸಿಯ 750 ಮಿಲಿಲೀಟರ್ ನೀರು, ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಬೇಕು. ಬಿಳಿಗಾರ ನಮ್ಮ ಅಕ್ಕಸಾಲಿಗರೂ ಬಳಸುವ ಪರಿಚಿತ ವಸ್ತು. ಇಲ್ಲಿ ಕ್ರಮ ತಪ್ಪಬಾರದು. ಸಲ್ಫೈಟ್ ಹೆಚ್ಚಾಗಿರುವ ನೀರಿನಲ್ಲಿ ಮೆಟಾಲ್ ಕರಗುವುದಿಲ್ಲ. ಆದ್ದರಿಂದ ಮೊದಲು ಒಂದು ಚಿಟಿಕೆ ಸಲ್ಫೈಟ್, ನಂತರ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್ ಹಾಕಬೇಕು. ದ್ರಾವಣವನ್ನು ಕಂದು ಬಣ್ಣದ ಬಾಟಲಿಯಲ್ಲಿ ತುಂಬಿ ಬಿರಡೆ ಬಿಗಿಯಬೇಕು. ಗಾಳಿ ಸೋಕಿದಷ್ಟೂ ಅದು ಶಕ್ತಿ ಕಳೆದುಕೊಳ್ಳುತ್ತದೆ. ಇವು ವಿಷಕಾರಿ ವಸ್ತುಗಳು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಲೇಬಾರದು.

ನಮ್ಮ ಬಿಸಿಲು, ನಮ್ಮ ನೀರು

ಸೂತ್ರ ಬರೆದವರ ಲೆಕ್ಕ 20 ಡಿಗ್ರಿ ಉಷ್ಣಾಂಶಕ್ಕೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. 20 ಡಿಗ್ರಿಯಲ್ಲಿ 10 ನಿಮಿಷ ಬೇಕಾದ ಕೆಲಸಕ್ಕೆ 24 ಡಿಗ್ರಿಯಲ್ಲಿ ಸುಮಾರು 7 ನಿಮಿಷ ಸಾಕು. ಇನ್ನೂ ಬಿಸಿಯಾದರೆ ಸಮಯ ತೀರಾ ಕಡಿಮೆಯಾಗಿ ಚಿತ್ರದಲ್ಲಿ ಕಲೆಗಳು ಉಳಿಯುತ್ತವೆ. ಫಿಲಂ ಮೇಲಿನ ಜಿಲಾಟಿನ್ ಮೆತ್ತಗಾಗಿ ಏಳುವುದೂ ಉಂಟು.

ಇದಕ್ಕೆ ಒಂದು ಪರಿಹಾರ ದ್ರಾವಣವನ್ನು ತೆಳುಗೊಳಿಸುವುದು. ಒಂದು ಪಾಲು ಡಿ-76ಕ್ಕೆ ಒಂದು ಪಾಲು ನೀರು ಬೆರೆಸಿದರೆ ಕೆಲಸ ನಿಧಾನವಾಗಿ, ಸಮಯ ಹಿಡಿತಕ್ಕೆ ಬರುತ್ತದೆ. ಸಲ್ಫೈಟ್ ಬೆಳ್ಳಿಯ ಕಣಗಳ ಅಂಚನ್ನು ಕರಗಿಸುವುದು ಕಡಿಮೆಯಾಗುವುದರಿಂದ ಚಿತ್ರದ ಅಂಚುಗಳೂ ಹರಿತವಾಗುತ್ತವೆ. ಆದರೆ ಹೀಗೆ ತೆಳುವಾದ ದ್ರಾವಣವನ್ನು ಒಮ್ಮೆ ಬಳಸಿ ಚೆಲ್ಲಬೇಕು. ಉಷ್ಣ ದೇಶಗಳಿಗಾಗಿಯೇ ಸೋಡಿಯಂ ಸಲ್ಫೇಟ್ ಸೇರಿಸಿದ ಸೂತ್ರಗಳೂ ಇದ್ದವು. ಅದು ಜಿಲಾಟಿನ್ ಉಬ್ಬದಂತೆ ತಡೆಯುತ್ತದೆ. ಹೈಪೋ ದ್ರಾವಣಕ್ಕೆ ಪಟಿಕ ಸೇರಿಸುತ್ತಿದ್ದುದೂ ಜಿಲಾಟಿನ್ ಗಟ್ಟಿಯಾಗಲೆಂದೇ.

ಎರಡನೆಯ ತೊಡಕು ನೀರಿನದು. ಶಹಾಬಾದದ ಹಾಸುಗಲ್ಲು, ವಾಡಿಯ ಸಿಮೆಂಟು ಎರಡಕ್ಕೂ ಮೂಲ ಇಲ್ಲಿನ ಸುಣ್ಣದ ಕಲ್ಲು. ಆ ಸುಣ್ಣ ಬಾವಿ ನೀರಿನಲ್ಲೂ ಇಳಿದಿರುತ್ತದೆ. ಇಂಥ ಗಡಸು ನೀರಿನಲ್ಲಿ ಡೆವಲಪರ್ ಬೆರೆಸಿದರೆ ಬಿಳಿ ಗಷ್ಟು ಕಟ್ಟಿ ನೆಗೆಟಿವ್ ಮೇಲೆ ಕೂರುತ್ತದೆ. ನೀರನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದರೆ ಈ ಸುಣ್ಣದ ಬಹುಭಾಗ ತಳದಲ್ಲಿ ಉಳಿಯುತ್ತದೆ. ಮಳೆ ನೀರು ಸಿಕ್ಕರೆ ಇನ್ನೂ ಒಳ್ಳೆಯದು. ಸೇಡಂ ತಾಲ್ಲೂಕಿನ ನಮ್ಮ ಮುಧೋಳದ ನೀರಿಗೆ ಯಾವ ಎಚ್ಚರ ಬೇಕು ಎಂಬುದನ್ನು ದೂರದ ಕಂಪನಿಯ ಪುಸ್ತಕ ಹೇಳಲಾರದು. ಸೂತ್ರ ಹೊರಗಿನಿಂದ ಬಂದರೂ ಅದನ್ನು ಈ ಮಣ್ಣಿಗೆ ಹೊಂದಿಸಿಕೊಳ್ಳುವ ಅರಿವು ಇಲ್ಲಿಯೇ ಹುಟ್ಟಬೇಕಿತ್ತು.

ಉಳಿಸಿಕೊಳ್ಳಬೇಕಾದದ್ದು

ಸರ್ಕಾರವು 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಸ್ಥಾಪಿಸಿತು. ಅದರ 'ಇಂದು' ಫಿಲಂ ದೇಶದ ಸಣ್ಣ ಊರುಗಳಿಗೂ ತಲುಪಿತು. ಬಣ್ಣದ ಫಿಲಂ, ನಂತರ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಬೇಡಿಕೆ ಕುಸಿದು ಆ ಕಾರ್ಖಾನೆಯೂ ಮುಚ್ಚಿತು. ಕತ್ತಲೆ ಕೋಣೆಗಳು ಉಗ್ರಾಣಗಳಾದವು.

ವಿದ್ಯಾರ್ಥಿ ಮಿತ್ರರೇ, ನಮ್ಮ ಶಾಲೆ, ಮದುವೆ, ಜಾತ್ರೆ-ಉರುಸುಗಳ ಎಷ್ಟೋ ನೆನಪುಗಳು ಇಂದು ಹಳೆಯ ಪೆಟ್ಟಿಗೆಗಳಲ್ಲಿನ ನೆಗೆಟಿವ್‌ಗಳಲ್ಲಿ ಮಾತ್ರ ಉಳಿದಿವೆ. ಹೈಪೋ ಅಂಶ ಪೂರ್ತಿ ಹೋಗುವಂತೆ ತೊಳೆಯದ ಚಿತ್ರಗಳು ಈಗಾಗಲೇ ಅಳಿಯುತ್ತಿವೆ. ಅವುಗಳನ್ನು ಕಸಕ್ಕೆ ಹಾಕುವ ಮುನ್ನ ಬೆಳಕಿಗೆ ಹಿಡಿದು ನೋಡಿರಿ. ಕಾಗದದ ಲಕೋಟೆಯಲ್ಲಿಟ್ಟು, ಹಿರಿಯರನ್ನು ಕೇಳಿ ಹೆಸರು, ಊರು, ವರ್ಷ ಬರೆದಿಡಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.